ಒಟ್ಲಿನಲ್ಲಿ ಪೈರು ಎಷ್ಟಿದೆ? ಬೋಳುತಲೆ, ಔಷಧಿ, ಕೂದಲು ಕಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗಂಡಸರ ತಲೆಗೂದಲಿನದೇ. ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿಕೊಂಡಿದ್ದಾರೆ. ಊರು, ವಯಸ್ಸು ಮಾತ್ರ ಉಳಿಸಿಕೊಂಡಿದ್ದೇವೆ.

ನನಗೆ 24 ವರ್ಷ. ಹಣೆಯ ಎರಡೂ ಮೂಲೆ ಹಿಂದೆ ಸರಿದಿದೆ, ನೆತ್ತಿಯೂ ತೆಳುವಾಗುತ್ತಿದೆ. ಅಪ್ಪನದು, ಸೋದರಮಾವನದು ಪೂರ್ತಿ ಬೋಳು. ವೈಶಾಖದಲ್ಲಿ ಮದುವೆ, ಇನ್ನು ಐದು ತಿಂಗಳಿದೆ. ಬೆಂಗಳೂರಿನ ಕ್ಲಿನಿಕ್ ಒಂದರವರು ‘ಒಂದೇ ದಿನಕ್ಕೆ 3,500 ಗ್ರಾಫ್ಟ್ (ಬುಡಸಮೇತ ಕಿತ್ತ ಕೂದಲ ಗುಂಪು) ಹಾಕ್ತೀವಿ, ಮದುವೆ ಹೊತ್ತಿಗೆ ತಲೆ ತುಂಬಿರುತ್ತೆ’ ಅಂತಾರೆ. ದಿನಾ ಮಾತ್ರೆ ನುಂಗುವ ಬದಲು ಒಂದೇ ಸಲ ಆಪರೇಷನ್ ಮುಗಿಸೋದು ವಾಸಿ ಅಲ್ಲವೇ?
(ಸಕಲೇಶಪುರ)

ಮದುವೆಗೆ ಮುಂಚೆ ಖಂಡಿತ ಬೇಡ. ತಾರೀಖಿನ ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ. ನೆಟ್ಟ ಕೂದಲು ಎರಡರಿಂದ ಆರು ವಾರದೊಳಗೆ ಉದುರಿಹೋಗುತ್ತದೆ. ಬುಡ ಒಳಗೇ ಇದ್ದು, ಮೂರನೆಯ ಅಥವಾ ನಾಲ್ಕನೆಯ ತಿಂಗಳಿಗೆ ಎಳೆ ಕೂದಲು ಹೊರಗೆ ಇಣುಕುತ್ತದೆ. ಐದನೆಯ ತಿಂಗಳಿನಲ್ಲಿ ಅದು ತೆಳ್ಳಗೆ, ಅಲ್ಲೊಂದು ಇಲ್ಲೊಂದು, ಕೆಲವು ಸುರುಳಿ ಸುತ್ತಿಕೊಂಡು ನಿಂತಿರುತ್ತದೆ. ಪೂರ್ತಿ ಫಲ ಕಾಣಲು 12 ತಿಂಗಳು ಬೇಕು, ನೆತ್ತಿಗೆ ಇನ್ನೂ ನಾಲ್ಕಾರು ತಿಂಗಳು ಹೆಚ್ಚು. ಸಾಲದ್ದಕ್ಕೆ ಕಸಿಯ ಏಟಿಗೆ ಅಕ್ಕಪಕ್ಕದ ನಿಮ್ಮ ಸ್ವಂತ ಕೂದಲೂ ಒಂದಷ್ಟು ಕಾಲ ಉದುರಬಹುದು. ಅಂದರೆ ಧಾರೆಯ ಫೋಟೊದಲ್ಲಿ ಈಗಿರುವುದಕ್ಕಿಂತ ಕಡಿಮೆ ಕೂದಲು ಕಂಡರೂ ಆಶ್ಚರ್ಯವಿಲ್ಲ.

ಮದುವೆ ಬಿಟ್ಟು ನೋಡಿದರೂ 24 ಬಹಳ ಬೇಗ. ಕಸಿ ಹೊಸ ಕೂದಲನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಜಾಗ ಬದಲಿಸುತ್ತದೆ ಅಷ್ಟೆ. ಹೆಡತಲೆಯ ಕೂದಲ ಬುಡಕ್ಕೆ, ಕೂದಲನ್ನು ಸಣ್ಣಗಾಗಿಸುವ ಡಿಎಚ್‌ಟಿ ಹಾರ್ಮೋನಿನ ಕಾಟ ತಟ್ಟುವುದು ತೀರ ಕಡಿಮೆ, ಆ ಗುಣ ಅದನ್ನು ಎಲ್ಲಿ ನೆಟ್ಟರೂ ಜತೆಗೇ ಹೋಗುತ್ತದೆ. ಅಮೆರಿಕದ ವೈದ್ಯ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಒಟ್ಲಿನಿಂದ (ಸಸಿಮಡಿಯಿಂದ) ಪೈರು ಕಿತ್ತು ಗದ್ದೆಗೆ ನಾಟಿ ಮಾಡಿದ ಹಾಗೆ ಅಂದುಕೊಳ್ಳಿ. ವ್ಯತ್ಯಾಸ ಒಂದೇ, ಈ ಒಟ್ಲಿಗೆ ಮತ್ತೆ ಬೀಜ ಚೆಲ್ಲಲು ಬರುವುದಿಲ್ಲ. ಇಡೀ ಜೀವಮಾನಕ್ಕೆ ಸುರಕ್ಷಿತವಾಗಿ ತೆಗೆಯಬಹುದಾದದ್ದು ಸಾಮಾನ್ಯವಾಗಿ 4,000ದಿಂದ 6,000 ಗ್ರಾಫ್ಟ್. ಅದರಲ್ಲಿ 3,500ನ್ನು ಈಗಲೇ ಹಣೆಗೆ ಸುರಿದರೆ, ನಿಮ್ಮ ಮನೆತನದ ಚರಿತ್ರೆ ನೋಡಿದರೆ, 35ಕ್ಕೆ ಹಿಂದಿನ ಕೂದಲೆಲ್ಲ ಹೋಗಿ ಮುಂದೆ ಮಾತ್ರ ಒಂದು ಗಡ್ಡೆ ದಟ್ಟವಾಗಿ ನಿಂತಿರುತ್ತದೆ, ಕೆರೆ ಮಧ್ಯದ ದಿಬ್ಬದ ಹಾಗೆ. ಆಗ ತುಂಬಲು ಹಿಂದೆ ಸರಕು ಇರುವುದಿಲ್ಲ.

‘ಒಂದೇ ಸಲ ಮುಗಿಸೋದು’ ಎಂಬ ಮಾತೂ ನಿಲ್ಲುವುದಿಲ್ಲ. ನೆಟ್ಟ ಕೂದಲು ಉಳಿದರೂ ನಡುವಿನ ಹಳೆಯ ಕೂದಲು ತನ್ನ ಪಾಡಿಗೆ ಸಣ್ಣಗಾಗುತ್ತಲೇ ಹೋಗುತ್ತದೆ. ಕಸಿಯಾದ ಮೇಲೂ ಔಷಧಿ ಬಿಡುವಂತಿಲ್ಲ. ಹಾಗಾಗಿ ಮೊದಲು ಚರ್ಮರೋಗ ತಜ್ಞರಿಂದ ಪರೀಕ್ಷೆ, ಆಮೇಲೆ ಒಂದು ವರ್ಷ ಔಷಧಿ. ಅದರ ಫಲ ನೋಡಿಕೊಂಡು ಕಸಿಯ ಮಾತು. ಮದುವೆಗೆ ಒಳ್ಳೆಯ ಕ್ಷೌರಿಕರು ಸಾಕು. ಬದಿಗಳನ್ನು ಗಿಡ್ಡ ಮಾಡಿಸಿದರೆ ನಡುವಿನ ತೆಳುವು ಎದ್ದು ಕಾಣುವುದಿಲ್ಲ. ಕೂದಲ ಬಣ್ಣದ ನಾರಿನ ಪುಡಿ ಸಿಗುತ್ತದೆ, ಉದುರಿಸಿಕೊಂಡು ಸ್ಪ್ರೇ ಹೊಡೆದರೆ ಆರತಕ್ಷತೆ ಮುಗಿಯುವವರೆಗೆ ನಿಲ್ಲುತ್ತದೆ. ಮಳೆಗೆ ಮಾತ್ರ ಸಿಕ್ಕಬೇಡಿ.

ಊರಲ್ಲಿ ಎಲ್ಲರೂ ಬೋರ್ ನೀರಿನಿಂದಲೇ ಕೂದಲು ಹೋಗೋದು ಅಂತಾರೆ. ನನಗೆ ಹಣೆ, ನೆತ್ತಿ ಎರಡೇ ಕಡೆ ಹೋಗಿದೆ. ಹೆಲ್ಮೆಟ್ ಬೇರೆ ದಿನಾ ಹಾಕ್ತೀನಿ. ಫಿಲ್ಟರ್ ಹಾಕಿಸಲೇ? ವಯಸ್ಸು 31.
(ಅರಸೀಕೆರೆ)

ಗಡಸು ನೀರಿಗೆ ಕೂದಲು ಒರಟಾಗುತ್ತದೆ, ಸೋಪು ನೊರೆ ಬರುವುದಿಲ್ಲ, ಎಳೆ ನಡುವೆ ತುಂಡಾಗಬಹುದು. ಬುಡ ಸಾಯುವುದಿಲ್ಲ. ನೀರೇ ಕಾರಣವಾಗಿದ್ದರೆ ಹೆಡತಲೆಯದೂ ಹೋಗಬೇಕಿತ್ತು, ಅದೇ ನೀರು ಮೀಯುವ ಮನೆಯ ಹೆಂಗಸರದೂ ಹಾಗೇ ಹೋಗಬೇಕಿತ್ತು. ನಿಮ್ಮದು ಹಣೆ, ನೆತ್ತಿ ಎರಡೇ ಕಡೆ ಎಂದು ನೀವೇ ಬರೆದಿದ್ದೀರಿ. ಟೆಸ್ಟೋಸ್ಟೆರಾನನ್ನು ಒಂದು ಕಿಣ್ವ ಡಿಎಚ್‌ಟಿಯಾಗಿ ಮಾರ್ಪಡಿಸುತ್ತದೆ. ವಂಶದಿಂದ ಬಂದ ಸೂಕ್ಷ್ಮತೆಯಿರುವ ಬುಡಗಳು ಅದರ ಪ್ರಭಾವಕ್ಕೆ ಸಿಕ್ಕಿ ಪ್ರತಿ ಸುತ್ತಿಗೂ ಇನ್ನಷ್ಟು ಸಣ್ಣ, ಇನ್ನಷ್ಟು ಗಿಡ್ಡ ಕೂದಲನ್ನು ಬಿಡುತ್ತವೆ. ಕೊನೆಗೆ ಉಳಿಯುವುದು ನವಿರು. ಬಾತ್‌ರೂಮಿನ ಜಾಲರಿಯಲ್ಲಿ ದಿನಕ್ಕೆ 50–100 ಕೂದಲು ಸಿಕ್ಕರೆ ಅದು ಯಾರಿಗಾದರೂ ಸಹಜ. ಎಣಿಸುವುದಕ್ಕಿಂತ, ಉದುರಿದ್ದರಲ್ಲಿ ದಪ್ಪ ಎಷ್ಟು, ನೂಲಿನಂಥವು ಎಷ್ಟು ಎಂದು ನೋಡಿ. ಹೆಲ್ಮೆಟ್ ತೆಗೆಯಬೇಡಿ, ಒಳಗಿನ ಬಟ್ಟೆ ವಾರಕ್ಕೊಮ್ಮೆ ಒಗೆಯಿರಿ, ಹೊಟ್ಟು ಕಡಿಮೆಯಾಗುತ್ತದೆ. ಫಿಲ್ಟರಿನ ದುಡ್ಡು ಉಳಿಸಿ.

ಮಿನಾಕ್ಸಿಡಿಲ್ 5% ಶುರು ಮಾಡಿ ಐದು ವಾರ ಆಯ್ತು. ಮೊದಲಿಗಿಂತ ಜಾಸ್ತಿ ಉದುರುತ್ತಿದೆ, ತಲೆ ಕೆರೆತ ಬೇರೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಅದರ ಮೇಲೆ ಹಾಕುತ್ತೇನೆ. ಒಂದು ಬಾಟಲಿ ಇನ್ನೂ ಮುಗಿದಿಲ್ಲ. ಬಿಟ್ಟುಬಿಡಲೇ?
(ಹಾಸನ, 29)

ಉದುರುವುದು ನೋಡಿ ಬಿಡಬೇಡಿ. ಹಚ್ಚುವ ಕ್ರಮ ಮಾತ್ರ ಪೂರ್ತಿ ತಪ್ಪಿದೆ.

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ 2% ದ್ರಾವಣಕ್ಕೆ ಒಪ್ಪಿಗೆ ಸಿಕ್ಕಿತು. ಅದು ಡಿಎಚ್‌ಟಿಯನ್ನು ಮುಟ್ಟುವುದಿಲ್ಲ. ಮಲಗಿರುವ ಬುಡವನ್ನು ಎಬ್ಬಿಸಿ ಬೆಳವಣಿಗೆಯ ಹಂತಕ್ಕೆ ತಳ್ಳುತ್ತದೆ. ಹೊಸ ಎಳೆ ಹೊರಡುವಾಗ ಅಲ್ಲೇ ನೇತಾಡುತ್ತಿದ್ದ ಹಳೆಯದು ಬೀಳಲೇಬೇಕು. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಕಾಣುವ ಉದುರು ಇದೇ. ಇಲ್ಲಿ ಹೆದರಿ ಬಿಟ್ಟವರಿಗೆ ಉದುರಿದ್ದೂ ಹೋಯಿತು, ಬರಬೇಕಾದದ್ದೂ ಹೋಯಿತು. ನಾಲ್ಕು ತಿಂಗಳಿಗೆ ಮುಂಚೆ ತೀರ್ಪು ಕೊಡಬೇಡಿ, ಪೂರ್ತಿ ಲೆಕ್ಕಕ್ಕೆ ಒಂದು ವರ್ಷ.

ಅಳತೆ: ಒಂದು ಹೊತ್ತಿಗೆ 1 ಮಿ.ಲೀ., ದಿನಕ್ಕೆ ಎರಡು ಹೊತ್ತು. 60 ಮಿ.ಲೀ. ಬಾಟಲಿ ಸರಿಯಾಗಿ 30 ದಿನಕ್ಕೆ ಖಾಲಿಯಾಗಬೇಕು. ಐದು ವಾರವಾದರೂ ಉಳಿದಿದೆ ಎಂದರೆ ನೀವು ಕಡಿಮೆ ಹಾಕುತ್ತಿದ್ದೀರಿ. ಸ್ಪ್ರೇ ಆದರೆ ಎಷ್ಟು ಒತ್ತಿಗೆ 1 ಮಿ.ಲೀ. ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಆದರೆ ಸ್ಪ್ರೇ ಹೊಡೆದರೆ ಬಹಳಷ್ಟು ಕೂದಲಿಗೇ ಅಂಟುತ್ತದೆ. ಡ್ರಾಪರ್ ಒಳ್ಳೆಯದು. ಬಾಚಣಿಗೆಯಲ್ಲಿ ಬೈತಲೆ ತೆಗೆದು, ಕಾಣುವ ಚರ್ಮದ ಗೆರೆಯುದ್ದಕ್ಕೂ ನಾಲ್ಕೈದು ಹನಿ ಬಿಟ್ಟು, ಬೆರಳ ತುದಿಯಲ್ಲಿ ಹರಡಿ. ಒಂದು ಸೆಂಟಿಮೀಟರ್ ಪಕ್ಕಕ್ಕೆ ಇನ್ನೊಂದು ಬೈತಲೆ. ಇಡೀ ತೆಳುವಾದ ಜಾಗಕ್ಕೆ ಇದೇ 1 ಮಿ.ಲೀ. ಸಾಕಾಗಬೇಕು. ಮುಗಿದ ಕೂಡಲೇ ಕೈ ತೊಳೆಯಿರಿ.

ಚರ್ಮ ಒಣಗಿರಬೇಕು, ಎಣ್ಣೆ ಇರಕೂಡದು. ಎಣ್ಣೆಯ ಪದರದ ಮೇಲೆ ಹಾಕಿದರೆ ಔಷಧಿ ಚರ್ಮ ತಲುಪದೆ ಮೇಲೇ ತೇಲುತ್ತದೆ. ಕೊಬ್ಬರಿ ಎಣ್ಣೆ ಬಿಡಲಾಗದಿದ್ದರೆ ವಾರಕ್ಕೊಮ್ಮೆ, ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ಔಷಧಿ ಹಾಕಿದ ಮೇಲೆ ನಾಲ್ಕು ಗಂಟೆ ತಲೆ ನೆನೆಯಬಾರದು. ರಾತ್ರಿಯದನ್ನು ಮಲಗುವುದಕ್ಕೆ ಎರಡು ಗಂಟೆ ಮುಂಚೆಯಾದರೂ ಹಾಕಿ. ಇಲ್ಲವಾದರೆ ತಲೆದಿಂಬಿಗೆ ಒರಸಿ ಅಲ್ಲಿಂದ ಕೆನ್ನೆಗೆ ತಗುಲಿ, ಬೇಡದ ಕಡೆ ಕೂದಲು ಬೆಳೆಯುತ್ತದೆ. ಮನೆಯಲ್ಲಿ ಹಸುಗೂಸಿದ್ದರೆ ಅದರ ಚರ್ಮಕ್ಕೆ ಈ ಔಷಧಿ ತಗುಲದಂತೆ ನೋಡಿಕೊಳ್ಳಿ. ಬೆಕ್ಕು ಸಾಕಿದ್ದರೆ ಇನ್ನೂ ಹುಷಾರು. ಬೆಕ್ಕಿಗೆ ಇದು ವಿಷ, ದಿಂಬು ನೆಕ್ಕಿದರೂ ಪ್ರಾಣಕ್ಕೆ ಬರಬಹುದು.

ಕೆರೆತಕ್ಕೆ ಹೆಚ್ಚಾಗಿ ಕಾರಣ ಔಷಧಿಯಲ್ಲ, ಅದನ್ನು ಕರಗಿಸಿರುವ ಪ್ರೊಪಿಲೀನ್ ಗ್ಲೈಕಾಲ್. ಸಾಮಾನ್ಯವಾಗಿ ನೊರೆಯಂತೆ ಬರುವ ಫೋಮ್‌ನಲ್ಲಿ ಅದು ಇರುವುದಿಲ್ಲ, ಬದಲಾಯಿಸಿ ನೋಡಿ. ಅಂಗಡಿಯವರು 10% ಕೊಟ್ಟರೆ ತೆಗೆದುಕೊಳ್ಳಬೇಡಿ. ಉರಿ ಹೆಚ್ಚುತ್ತದೆಯೇ ಹೊರತು ಫಲ ಹೆಚ್ಚುವುದಿಲ್ಲ. ಎದೆ ಢವಗುಟ್ಟಿದರೆ, ಪಾದ ಊದಿದರೆ, ತಲೆ ಸುತ್ತಿದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಬಿಟ್ಟರೆ ಏನಾಗುತ್ತದೆ ಎಂದೂ ಗೊತ್ತಿರಲಿ: ಮೂರರಿಂದ ಆರು ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗಿ, ಹಚ್ಚದೇ ಇದ್ದಿದ್ದರೆ ಎಲ್ಲಿರುತ್ತಿದ್ದಿರೋ ಅಲ್ಲಿಗೆ ಬರುತ್ತೀರಿ.

ಮದುವೆಯಾಗಿ ಒಂದು ವರ್ಷ. ವೈದ್ಯರು ಫಿನಾಸ್ಟರೈಡ್ 1 ಎಂ.ಜಿ. ಬರೆದುಕೊಟ್ಟಿದ್ದಾರೆ. ಗಂಡಸುತನ ಹೋಗುತ್ತೆ, ಮಕ್ಕಳಾಗಲ್ಲ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ಮೆಡಿಕಲ್ ಶಾಪ್‌ನವರು 5 ಎಂ.ಜಿ. ಮಾತ್ರೆ ತಗೊಂಡು ನಾಲ್ಕು ತುಂಡು ಮಾಡಿ, ಅಗ್ಗ ಆಗುತ್ತೆ ಅಂದರು.
(ಚಿಕ್ಕಮಗಳೂರು, 33)

ಡಿಎಚ್‌ಟಿ ತಯಾರಿಸುವ ಕಿಣ್ವವನ್ನೇ ಇದು ತಡೆಯುತ್ತದೆ. ರಕ್ತದ ಡಿಎಚ್‌ಟಿ ಸುಮಾರು 70%ರಷ್ಟು ಇಳಿಯುತ್ತದೆ. ಪ್ರಾಸ್ಟೇಟ್ ಗ್ರಂಥಿಗೆ 5 ಎಂ.ಜಿ. 1992ರಲ್ಲಿ, ಕೂದಲಿಗೆ 1 ಎಂ.ಜಿ. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಉದುರುವುದನ್ನು ನಿಲ್ಲಿಸುವುದರಲ್ಲಿ ಇದರಷ್ಟು ಆಧಾರವಿರುವ ಮದ್ದು ಕಡಿಮೆ. ನೆತ್ತಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹಣೆಯ ಮೂಲೆಗೆ ಅಷ್ಟಾಗಿ ಇಲ್ಲ.

ಹೆದರಿಕೆಯ ಲೆಕ್ಕ ಇಲ್ಲಿದೆ. ಒಪ್ಪಿಗೆಗೆ ಮುಂಚಿನ ಪರೀಕ್ಷೆಗಳಲ್ಲಿ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ವೀರ್ಯದ ಪ್ರಮಾಣ ಇಳಿಯುವುದು ಇವುಗಳಲ್ಲಿ ಒಂದಾದರೂ ಕಂಡವರು ಮಾತ್ರೆಯವರಲ್ಲಿ 3.8%, ಹುಸಿ ಮಾತ್ರೆ ನುಂಗಿದವರಲ್ಲಿ 2.1%. ಬಹುತೇಕರಿಗೆ ಬಿಟ್ಟ ಮೇಲೆ ಸರಿಹೋಗಿದೆ. ಬಿಟ್ಟ ಮೇಲೂ ತೊಂದರೆ ಉಳಿಯಿತು ಎಂದು ದೂರಿದವರೂ ಇದ್ದಾರೆ. ಔಷಧಿಯ ಚೀಟಿಯಲ್ಲಿ ಅದೂ ಇದೆ, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಯ ಎಚ್ಚರಿಕೆಯೂ ಇದೆ. ಇದನ್ನು ಮುಚ್ಚಿಟ್ಟು ಬರೆದುಕೊಡುವ ವೈದ್ಯರೂ, ಇದೊಂದನ್ನೇ ಹಿಡಿದು ಹೆದರಿಸುವ ಸ್ನೇಹಿತರೂ ನಿಮಗೆ ಉಪಕಾರ ಮಾಡುತ್ತಿಲ್ಲ. ನಿಮಗೆ ಮೊದಲೇ ಖಿನ್ನತೆಗೆ ಚಿಕಿತ್ಸೆ ಆಗಿದ್ದರೆ ಅಥವಾ ದಾಂಪತ್ಯದಲ್ಲಿ ಈಗಲೇ ತೊಂದರೆ ಇದ್ದರೆ ಮಾತ್ರೆಗೆ ಮುಂಚೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಶುರು ಮಾಡಿದ ಮೇಲೆ ಮನಸ್ಸು ಕುಗ್ಗಿದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿ, ಮನೆಯವರಿಗೂ ಹೇಳಿ.

ಮಕ್ಕಳ ವಿಷಯ: ಹೆಚ್ಚಿನ ಗಂಡಸರಿಗೆ ಅಡ್ಡಿಯಾಗುವುದಿಲ್ಲ, ಆದರೆ ಮೊದಲೇ ವೀರ್ಯಾಣು ಕಡಿಮೆ ಇರುವವರಲ್ಲಿ ಇನ್ನೂ ತಗ್ಗಿಸಬಹುದು. ಈಗಲೇ ಮಗುವಿನ ಪ್ರಯತ್ನದಲ್ಲಿದ್ದರೆ ಒಂದು ವೀರ್ಯ ಪರೀಕ್ಷೆ ಮಾಡಿಸಿ. ಕಡಿಮೆ ಬಂದರೆ ಫಿನಾಸ್ಟರೈಡ್ ಮುಂದಕ್ಕೆ ಹಾಕಿ, ಸದ್ಯ ಮಿನಾಕ್ಸಿಡಿಲ್ ಒಂದೇ ಸಾಕು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಮಾತ್ರೆ ಬಿಟ್ಟವರು ಮೂರು ತಿಂಗಳ ನಂತರವೇ ಮತ್ತೆ ಪರೀಕ್ಷೆ ಮಾಡಿಸಬೇಕು.

ನಾಲ್ಕು ತುಂಡಿನ ಉಪಾಯ ನಿಮ್ಮ ಮನೆಗೆ ಬೇಡ. ಗರ್ಭಿಣಿಯ ಹೊಟ್ಟೆಯಲ್ಲಿ ಗಂಡು ಶಿಶುವಿದ್ದರೆ ಜನನಾಂಗದ ಬೆಳವಣಿಗೆಗೆ ಡಿಎಚ್‌ಟಿ ಬೇಕು. ಇಡೀ ಮಾತ್ರೆಗೆ ಲೇಪ ಇರುವುದರಿಂದ ಮುಟ್ಟಿದರೆ ಏನೂ ಆಗದು, ಒಡೆದ ಮಾತ್ರೆಯ ಪುಡಿ ಮಾತ್ರ ಗರ್ಭಿಣಿಯ ಅಥವಾ ಗರ್ಭಿಣಿಯಾಗಬಹುದಾದವರ ಕೈಗೆ ತಗುಲಬಾರದು. ಬ್ಲೇಡು, ಕತ್ತರಿಸಿದ ತಟ್ಟೆ, ಚೂರು ಬಿದ್ದ ಶೆಲ್ಫು, ಇವನ್ನೆಲ್ಲ ಒರೆಸುವವರು ಯಾರು ಎಂದು ಯೋಚಿಸಿ. ಇನ್ನೆರಡು ಮಾತು: ಮಾತ್ರೆ ನುಂಗುವಾಗ ರಕ್ತದಾನ ಬೇಡ, ನಿಲ್ಲಿಸಿ ಒಂದು ತಿಂಗಳ ಮೇಲೆ ಬ್ಲಡ್ ಬ್ಯಾಂಕಿಗೆ ತಿಳಿಸಿಯೇ ಕೊಡಿ. ವಯಸ್ಸಾದ ಮೇಲೆ ಪ್ರಾಸ್ಟೇಟ್‌ಗೆ ಪಿಎಸ್‌ಎ ರಕ್ತ ಪರೀಕ್ಷೆ ಮಾಡಿಸಿದರೆ ಈ ಮಾತ್ರೆಯ ಸುದ್ದಿ ಹೇಳಿ. ಅದು ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ, ಗೊತ್ತಿಲ್ಲದ ವೈದ್ಯರು ‘ನಾರ್ಮಲ್’ ಅಂದುಬಿಡುತ್ತಾರೆ.

ಕಾಫಿ ತೋಟ ಇದೆ, ವಯಸ್ಸು 42. ಮೂರು ವರ್ಷದಿಂದ ಔಷಧಿ ತಗೊಳ್ಳುತ್ತಿದ್ದೇನೆ, ಉದುರೋದು ನಿಂತಿದೆ, ಮುಂದಿನದು ಮಾತ್ರ ಖಾಲಿ. ಕಸಿ ಮಾಡಿಸಲು ತೀರ್ಮಾನಿಸಿದ್ದೇನೆ. ಒಬ್ಬರು ‘5,000 ಕೂದಲು’ ಅಂತ ದರ ಹೇಳುತ್ತಾರೆ, ಇನ್ನೊಬ್ಬರು ‘2,200 ಗ್ರಾಫ್ಟ್’ ಅಂತ. ಎಫ್‌ಯುಇ, ಎಫ್‌ಯುಟಿ ಯಾವುದು? ತಿರುಪತಿಗೆ ಮುಡಿ ಕೊಡುವ ಹರಕೆ ಬೇರೆ ಬಾಕಿ ಇದೆ.
(ಮೂಡಿಗೆರೆ)

ಕಸಿಗೆ ಕೂರಬೇಕಾದವರು ನಿಮ್ಮಂಥವರೇ: ವಯಸ್ಸು ಮಾಗಿದೆ, ಉದುರು ನಿಂತಿದೆ, ಬೇಕಾದ ಜಾಗ ಸೀಮಿತ.

ಕೂದಲು ಚರ್ಮದಿಂದ ಯಾವಾಗಲೂ ಒಂಟಿಯಾಗಿಯೇ ಬರುವುದಿಲ್ಲ. ಒಂದು, ಎರಡು, ಮೂರು, ಕೆಲವೊಮ್ಮೆ ನಾಲ್ಕರ ಗುಂಪಿನಲ್ಲಿ ಬರುತ್ತದೆ. ಆ ಒಂದು ಗುಂಪೇ ಒಂದು ಗ್ರಾಫ್ಟ್, ಸರಾಸರಿ ಎರಡಕ್ಕಿಂತ ತುಸು ಹೆಚ್ಚು ಕೂದಲು. ಹಾಗಾಗಿ ನಿಮ್ಮ ‘5,000 ಕೂದಲು’ ಮತ್ತು ‘2,200 ಗ್ರಾಫ್ಟ್’ ಹೆಚ್ಚುಕಡಿಮೆ ಒಂದೇ ಸರಕು. ದರವನ್ನು ಗ್ರಾಫ್ಟ್ ಲೆಕ್ಕದಲ್ಲೇ ಬರೆಸಿಕೊಳ್ಳಿ. ಒಂಟಿ ಎಷ್ಟು, ಜೋಡಿ ಎಷ್ಟು, ಮೂರರದು ಎಷ್ಟು ಎಂಬ ಪಟ್ಟಿಯನ್ನೂ ಆಪರೇಷನ್ ದಿನವೇ ಕೇಳಿ. ಒಂದು ಮೂರರ ಗ್ರಾಫ್ಟನ್ನು ಸೀಳಿ ಮೂರು ಒಂಟಿ ಮಾಡಿ ಎಣಿಕೆ ಏರಿಸಬಹುದು.

ಜಾಗದ ಲೆಕ್ಕ ನೀವೇ ಹಾಕಬಹುದು. ಕನ್ನಡಿ ಮುಂದೆ ನಿಂತು, ಬೇಕಾದ ಜಾಗದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಚನ್ನು ಸ್ಕೆಚ್ ಪೆನ್ನಿನಲ್ಲಿ ಗುರುತಿಸಿ. ಆ ಹಾಳೆಯನ್ನು ಗ್ರಾಫ್ ಕಾಗದದ ಮೇಲಿಟ್ಟು ಚದರ ಸೆಂಟಿಮೀಟರ್ ಎಣಿಸಿ. 60 ಬಂತು ಎನ್ನಿ. ಚದರ ಸೆಂಟಿಮೀಟರಿಗೆ 35 ಗ್ರಾಫ್ಟ್‌ನಂತೆ 2,100. ಹುಟ್ಟಿನಿಂದ ಬಂದ ದಟ್ಟಣೆ ಇದರ ಎರಡರಷ್ಟು ಇತ್ತು, ಅದು ವಾಪಸು ಬರುವುದಿಲ್ಲ. ಅರ್ಧ ದಟ್ಟಣೆಗೆ ಕಣ್ಣು ತುಂಬಿದಂತೆ ಮೋಸಹೋಗುತ್ತದೆ, ಕಸಿಯ ಕುಶಲತೆ ಇರುವುದೇ ಅಲ್ಲಿ. ತುಂಬ ಒತ್ತೊತ್ತಾಗಿ ನೆಟ್ಟರೆ ರಕ್ತ ಸಾಲದೆ ಗ್ರಾಫ್ಟ್ ಸಾಯುವುದೂ ಉಂಟು. ಹಣೆಯ ಗೆರೆಯ ಮೊದಲ ಸಾಲಿಗೆ ಒಂಟಿ ಕೂದಲೇ ಬೇಕು, ಅದೂ ಅಂಕುಡೊಂಕಾಗಿ. ಅಲ್ಲಿ ಮೂರರದನ್ನು ನೆಟ್ಟವರ ಹಣೆ ಗೊಂಬೆಯ ತಲೆಯಂತೆ ಕಾಣುತ್ತದೆ. ಕಾಲೇಜು ದಿನದ ಗೆರೆಯನ್ನೂ ಕೇಳಬೇಡಿ. 42ಕ್ಕೆ ತುಸು ಹಿಂದೆ ಇರುವುದೇ ಚಂದ, ಗ್ರಾಫ್ಟೂ ಉಳಿಯುತ್ತದೆ.

ಎಫ್‌ಯುಟಿಯಲ್ಲಿ ಹೆಡತಲೆಯಿಂದ ಒಂದು ಪಟ್ಟಿ ಚರ್ಮ ತೆಗೆದು ಹೊಲಿದು, ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸುತ್ತಾರೆ. ಒಂದು ಗೆರೆಯ ಕಲೆ ಉಳಿಯುತ್ತದೆ. ಎಫ್‌ಯುಇಯಲ್ಲಿ 0.8ರಿಂದ 1 ಮಿ.ಮೀ. ಕೊಳವೆಯ ಪಂಚ್‌ನಿಂದ ಒಂದೊಂದೇ ಗ್ರಾಫ್ಟ್ ಕೊರೆದು ತೆಗೆಯುತ್ತಾರೆ. ಉಳಿಯುವುದು ಚುಕ್ಕಿ ಚುಕ್ಕಿ ಬಿಳಿ ಗುರುತು. ಈಗ ಹೆಚ್ಚಿನವರು ಮಾಡುವುದು ಎಫ್‌ಯುಇ. ಅದರಲ್ಲಿ ಕೆಡುವುದು ಎರಡು ಕಡೆ. ಚರ್ಮದೊಳಗೆ ಕೂದಲು ಓರೆಯಾಗಿ ಇಳಿದಿರುತ್ತದೆ, ಪಂಚ್ ಆ ಓರೆ ಹಿಡಿಯದಿದ್ದರೆ ಬುಡ ತುಂಡಾಗುತ್ತದೆ. ಹೊರಗೆ ಬಂದ ಗ್ರಾಫ್ಟ್ ಒಣಗಿದರೆ ಕೆಲವೇ ನಿಮಿಷಕ್ಕೆ ಸಾಯುತ್ತದೆ, ಅದನ್ನು ತಣ್ಣನೆಯ ಸಲೈನ್‌ನಲ್ಲಿ ಇಟ್ಟಿರಬೇಕು. ಒಂದೇ ದಿನಕ್ಕೆ ನಾಲ್ಕು ಸಾವಿರ ಎನ್ನುವವರ ಹತ್ತಿರ ಕೊನೆಯ ಸಾವಿರ ಗ್ರಾಫ್ಟ್ ಎಷ್ಟು ಗಂಟೆ ಹೊರಗಿತ್ತು ಎಂದು ಕೇಳಿ ನೋಡಿ.

ಮುಡಿಯ ಬಗ್ಗೆ ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಎಫ್‌ಯುಇ ಆದರೆ ಹೇಗೂ ಹೆಡತಲೆ ಬೋಳಿಸುತ್ತಾರೆ. ಹರಕೆ ಮುಗಿಸಿ, ಕೂದಲು ಒಂದೆರಡು ಮಿಲಿಮೀಟರ್ ಚಿಗುರಿದ ಮೇಲೆ ಹೋಗಿ. ಎಫ್‌ಯುಟಿ ಆದರೆ ಹೊಲಿಗೆ ಮುಚ್ಚಲು ಕೂದಲು ಬೇಕು. ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವ ಲೆಕ್ಕದಲ್ಲಿ ಮುಡಿಯಾಗಿ ಎರಡು ತಿಂಗಳಾದರೂ ಕಾಯಿರಿ. ಕಸಿಯಾಗಿ ವರ್ಷ ಕಳೆದ ಮೇಲೆ ಮುಡಿ ಕೊಟ್ಟರೆ ನೆಟ್ಟ ಕೂದಲಿಗೆ ಏನೂ ಆಗದು, ಕತ್ತಿ ಬುಡಕ್ಕೆ ಇಳಿಯುವುದಿಲ್ಲ. ಆದರೆ ಹಿಂದಿನ ಕಲೆ ನಾಲ್ಕು ಜನರಿಗೆ ಕಾಣುತ್ತದೆ.

ಮಾಡುವವರು ಯಾರು ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಕೂದಲು ಕಸಿ ತರಬೇತಿ ಪಡೆದ ವೈದ್ಯರ ಕೆಲಸ, ಉದಾಹರಣೆಗೆ ಪ್ಲಾಸ್ಟಿಕ್ ಸರ್ಜನ್ ಅಥವಾ ಶಸ್ತ್ರಚಿಕಿತ್ಸೆಯ ತರಬೇತಿಯಿರುವ ಚರ್ಮರೋಗ ತಜ್ಞರು. ವಿಡಿಯೊ ನೋಡಿ, ಕಾರ್ಯಾಗಾರದಲ್ಲಿ ಕೂತು ಕಲಿತದ್ದು ಸಾಲದು ಎಂದೂ ಅದು ಹೇಳಿದೆ. ಸಹಾಯಕರು ಕೈಜೋಡಿಸಬಹುದು, ಆದರೆ ಅರಿವಳಿಕೆ ಕೊಡುವುದು, ಹಣೆಯ ಗೆರೆ ಎಳೆಯುವುದು, ಗ್ರಾಫ್ಟ್ ಕೂರಿಸುವ ಸೀಳು ಹಾಕುವುದು ವೈದ್ಯರೇ ಮಾಡುತ್ತಾರೆಯೇ ಎಂದು ಕೇಳಿ. ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇರಬೇಕು. ಕೋಣೆಯಲ್ಲಿ ಆಮ್ಲಜನಕ, ನಾಡಿ ಮತ್ತು ಬಿಪಿ ತೋರಿಸುವ ಯಂತ್ರ, ತುರ್ತು ಔಷಧಿಯ ಟ್ರಾಲಿ ಕಾಣಬೇಕು. ತಲೆ ಪೂರ್ತಿ ಮರಗಟ್ಟಿಸಲು ಗಂಟೆಗಟ್ಟಲೆ ಚುಚ್ಚುವ ಲಿಗ್ನೊಕೇನ್ ಮೈತೂಕದ ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ರಿಯಾಯಿತಿ ‘ಇವತ್ತು ಸಂಜೆವರೆಗೆ ಮಾತ್ರ’ ಎನ್ನುವ ಕಡೆಯಿಂದ ಎದ್ದು ಬನ್ನಿ. ಇದು ಅಂದಕ್ಕೆ ಮಾಡಿಸುವ ಚಿಕಿತ್ಸೆಯಾದ್ದರಿಂದ ಆರೋಗ್ಯ ವಿಮೆ ಸಿಗುವುದಿಲ್ಲ, ಕಂತಿನ ಸಾಲದ ಬಡ್ಡಿಯನ್ನೂ ದರಕ್ಕೆ ಸೇರಿಸಿ ನೋಡಿ.

ದಿನ ಆರಿಸುವಾಗ ಹಣ್ಣು ಕೊಯ್ಲಿನ ತಿಂಗಳು ಬಿಡಿ. ಬೆವರು, ಧೂಳು, ತಲೆಗೆ ಟೊಪ್ಪಿ, ಮೂರೂ ಆಗದು. ಬೀಡಿ ಸಿಗರೇಟು ಕನಿಷ್ಠ ಎರಡು ವಾರ ಮುಂಚಿನಿಂದ ಎರಡು ವಾರ ನಂತರದವರೆಗೆ ನಿಲ್ಲಿಸಿ. ಬೆಂಗಳೂರಿನಿಂದ ಅಂದೇ ಊರಿಗೆ ಹೊರಡಬೇಡಿ. ಒಂದೆರಡು ರಾತ್ರಿ ಅಲ್ಲೇ ಉಳಿದು, ಮೊದಲ ತಲೆ ತೊಳೆತ ಅವರ ಕೈಯಲ್ಲೇ ಮಾಡಿಸಿಕೊಂಡು ಬನ್ನಿ. ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಿ, ತಲೆಯ ಮೇಲಿನಿಂದ ಎಳೆಯುವ ಟೀ ಶರ್ಟ್ ಬೇಡ. ಕಾರು ಹತ್ತುವಾಗ ತಗ್ಗಿ. ಮರಗಟ್ಟಿದ ತಲೆ ಬಾಗಿಲ ಚೌಕಟ್ಟಿಗೆ ಸವರಿದ್ದು ಗೊತ್ತೇ ಆಗುವುದಿಲ್ಲ, ಮೊದಲ ದಿನಗಳಲ್ಲಿ ಗ್ರಾಫ್ಟ್ ಕಿತ್ತು ಬರುವುದು ಹೀಗೆ.

ನಮ್ಮ ಯಜಮಾನರಿಗೆ ಕಸಿ ಆಗಿ ಐದು ವಾರ. ಮೊದಲು ಹಣೆ, ಕಣ್ಣು ಊದಿಕೊಂಡಿತ್ತು. ಈಗ ನೆಟ್ಟಿದ್ದೆಲ್ಲ ದಿಂಬಿನ ಮೇಲೆ ಬಿದ್ದಿದೆ. ದುಡ್ಡು ಹೋಯ್ತು ಅಂತ ಊಟವೇ ಬಿಟ್ಟಿದ್ದಾರೆ.
(ಕಡೂರು)

ಊಟ ಮಾಡಲು ಹೇಳಿ ತಾಯಿ. ನಾಟಿ ಮಾಡಿದ ಪೈರು ಮೊದಲು ಹಳದಿಯಾಗಿ ಆಮೇಲೆ ಹಸಿರಾಗುವುದಿಲ್ಲವೇ, ಇದೂ ಹಾಗೇ. ಬಿದ್ದ ಕೂದಲಿನ ತುದಿಯಲ್ಲಿ ಚಿಕ್ಕ ಬಿಳಿ ಗಂಟು ಇದ್ದರೆ ಹೆದರಬೇಡಿ, ಅದು ಬುಡವಲ್ಲ; ಬುಡ ಹತ್ತು ದಿನದೊಳಗೆ ಚರ್ಮಕ್ಕೆ ಕಚ್ಚಿಕೊಂಡಿರುತ್ತದೆ. ಮೊದಲ ವಾರದಲ್ಲಿ ರಕ್ತ ಬಂದು ಗ್ರಾಫ್ಟ್ ಕಿತ್ತಿದ್ದರೆ ಮಾತ್ರ ಅದು ಹೋದಂತೆ. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಹಣೆ ಊದುವುದು ಚುಚ್ಚಿದ ನೀರು ಕೆಳಗಿಳಿಯುವುದರಿಂದ. ಮೂರನೆಯ ತಿಂಗಳ ಸುಮಾರಿಗೆ ಮೊಡವೆಯಂಥ ಸಣ್ಣ ಗುಳ್ಳೆ ಕಾಣಿಸಿಕೊಳ್ಳಬಹುದು, ಹೊಸ ಕೂದಲು ಚರ್ಮ ಒಡೆದು ಬರುತ್ತಿದೆ ಎಂದರ್ಥ. ಉಗುರು ಹಾಕಬೇಡಿ. ಕೀವು, ದುರ್ವಾಸನೆ, ಜ್ವರ, ಅಥವಾ ಚರ್ಮ ಕಪ್ಪಾಗುತ್ತಾ ಹೋಗುವುದು ಕಂಡರೆ ಮಾತ್ರ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಆಪರೇಷನ್‌ಗೆ ಮುಂಚೆ ತೆಗೆದುಕೊಳ್ಳುತ್ತಿದ್ದ ಔಷಧಿಯನ್ನು ಮತ್ತೆ ಯಾವಾಗ ಶುರು ಮಾಡಬೇಕು ಎಂದು ಅವರಲ್ಲಿ ಕೇಳಿ, ಬಹಳ ಜನ ಅದನ್ನು ಮರೆತೇಬಿಡುತ್ತಾರೆ.

ವಯಸ್ಸು 58. ಸಕ್ಕರೆ ಕಾಯಿಲೆ, ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ಕಿವಿಯ ಮೇಲೆ ಒಂದು ಪಟ್ಟಿ ಬಿಟ್ಟರೆ ಪೂರ್ತಿ ಬೋಳು. ಮಗ ಕಸಿ ಮಾಡಿಸ್ತೀನಿ ಅಂತಾನೆ.
(ಚನ್ನರಾಯಪಟ್ಟಣ)

ಮಗನ ಪ್ರೀತಿ ದೊಡ್ಡದು, ಆದರೆ ಬೇಡ ಎನ್ನಿ. ಸ್ಟೆಂಟ್‌ನ ಮಾತ್ರೆಯನ್ನು ಕೂದಲಿಗೋಸ್ಕರ ನಿಲ್ಲಿಸುವುದು ಪ್ರಾಣದ ಜತೆ ಆಟ, ನಿಲ್ಲಿಸದಿದ್ದರೆ ಸಾವಿರಾರು ಸೀಳಿನ ರಕ್ತ ನಿಲ್ಲುವುದು ಕಷ್ಟ. ಅದನ್ನು ದಾಟಿದರೂ ಆ ತೆಳು ಪಟ್ಟಿಯ ಸರಕು ಅಷ್ಟು ದೊಡ್ಡ ಬಯಲಿಗೆ ಎಲ್ಲಿಗೆ ಸಾಕು? ಬದಿಯದನ್ನೂ ನುಣ್ಣಗೆ ಬೋಳಿಸಿಕೊಂಡರೆ ಅದೇ ಒಂದು ಠೀವಿ. ವಿಗ್ ಬೇಕೆಂದರೆ ಅಂಟಿನ ಬದಲು ಕ್ಲಿಪ್ಪಿನದು ತೆಗೆದುಕೊಳ್ಳಿ, ಸಕ್ಕರೆ ಇರುವವರ ಚರ್ಮ ಅಂಟಿಗೆ ಬೇಗ ಹುಣ್ಣಾಗಬಹುದು.

ಮಗನಿಗೆ 19. ಡೆಂಗಿ ಬಂದು ಎರಡೂವರೆ ತಿಂಗಳಾಯ್ತು, ಈಗ ಮುಷ್ಟಿ ಮುಷ್ಟಿ ಕೂದಲು ಬರುತ್ತಿದೆ. ಈರುಳ್ಳಿ ರಸ, ಗರುಗದ ಎಣ್ಣೆ, ಬಯೋಟಿನ್ ಮಾತ್ರೆ ಎಲ್ಲಾ ಆಯ್ತು.
(ಬೇಲೂರು)

ಇದು ಬೋಳಾಗುವ ಕಾಯಿಲೆಯೇ ಅಲ್ಲ. ಜೋರು ಜ್ವರದ ಏಟಿಗೆ ಬಹಳಷ್ಟು ಬುಡಗಳು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರಿಸುತ್ತವೆ. ಹಣೆ, ನೆತ್ತಿ ಎಂದಿಲ್ಲದೆ ತಲೆಯೆಲ್ಲ ತೆಳುವಾಗುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಹೊಟ್ಟೆ ತುಂಬ ಮೊಟ್ಟೆ, ಕಾಳು, ಸೊಪ್ಪು ಹಾಕಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಒಮ್ಮೆ ನೋಡಿಸಿ. ರಕ್ತ ಕೊಡುವ ಎರಡು ಮೂರು ದಿನ ಮುಂಚೆ ಬಯೋಟಿನ್ ನಿಲ್ಲಿಸಬೇಕು, ಅದು ಥೈರಾಯ್ಡ್ ವರದಿಯನ್ನೇ ತಪ್ಪಾಗಿಸುತ್ತದೆ. ಈರುಳ್ಳಿ ರಸ ಉರಿ ಕೊಡುತ್ತದೆ, ಬಿಡಿ. ಗರುಗದ ಎಣ್ಣೆ ಹಚ್ಚಿದರೆ ತಲೆ ತಂಪು, ತೊಂದರೆಯಿಲ್ಲ, ಆದರೆ ಕೂದಲು ಮತ್ತೆ ಬಂದಾಗ ಆ ಎಣ್ಣೆಯಿಂದಲೇ ಬಂತು ಎಂದು ಅಕ್ಕಪಕ್ಕದವರಿಗೆ ಹಂಚಬೇಡಿ. ಆರು ತಿಂಗಳು ಕಳೆದೂ ನಿಲ್ಲದಿದ್ದರೆ, ಅಥವಾ ನಾಣ್ಯದಷ್ಟು ದುಂಡಗೆ ನುಣುಪಾದ ಜಾಗ ಕಂಡರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಹೋಗುವ ಹಿಂದಿನ ದಿನ ತಲೆಗೆ ನೀರು ಹಾಕಬೇಡಿ. ವೈದ್ಯರು ಒಂದು ಗೊಂಚಲು ಕೂದಲು ಹಿಡಿದು ಮೆಲ್ಲಗೆ ಎಳೆದು, ಎಷ್ಟು ಕೈಗೆ ಬಂತು ಎಂದು ಎಣಿಸಬೇಕಾಗುತ್ತದೆ.